ಬೆರಕೆಯ ಹಿಂದಿನ ಕೈ

ಸವದತ್ತಿ ಸೀಮೆಯ ಸಿರಸಂಗಿ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಕಾಳಿಕಾದೇವಿಯ ಗುಡಿ, ಆಮೇಲೆ ಲಿಂಗರಾಜ ದೇಸಾಯಿಯವರ ವಾಡೆ. ಊರಿಗೆ ಇನ್ನೂ ಒಂದು ನಂಟಿದೆ. ಋಷ್ಯಶೃಂಗ ಮುನಿ ತಪಸ್ಸು ಮಾಡಿದ ನೆಲ ಇದು, ಹಾಗಾಗಿ ಇದು ಋಷ್ಯಶೃಂಗಪುರ ಎಂಬುದು ಸ್ಥಳದ ನಂಬಿಕೆ. ಶೃಂಗೇರಿ ಬಳಿಯ ಕಿಗ್ಗದವರೂ ಅವನನ್ನು ತಮ್ಮವನೆನ್ನುತ್ತಾರೆ. ಆ ತಕರಾರಿಗೆ ನಾನು ಹೋಗುವುದಿಲ್ಲ. ನನಗೆ ಬೇಕಾದದ್ದು ಅವನ ಹುಟ್ಟಿನ ಕಥೆ. ಅಪ್ಪ ವಿಭಾಂಡಕ ಋಷಿ, ತಾಯಿ ಕಾಡಿನ ಒಂದು ಚಿಗರಿ. ಮಗನ ತಲೆಯ ಮೇಲೆ ಕೊಂಬು. ಎರಡು ಜೀವಜಾತಿಗಳು ಬೆರೆತು ಮಗು ಹುಟ್ಟುವ ಕಲ್ಪನೆ ನಮಗೆ ಹಾಲಿವುಡ್ಡಿನಿಂದ ಬಂದದ್ದಲ್ಲ.

ಈ ಕಥೆಯನ್ನು ಮಹಾಭಾರತದ ವನಪರ್ವದಲ್ಲಿ ಓದಿದವರು ಒಂದು ಸಂಗತಿ ಗಮನಿಸಿರಬಹುದು. ಋಷಿ ಮತ್ತು ಚಿಗರಿ ಕೂಡಿದರು, ಮಗು ಹುಟ್ಟಿತು ಎಂದು ಕಥೆಗಾರ ಸಲೀಸಾಗಿ ಹೇಳಿ ಮುಗಿಸುವುದಿಲ್ಲ. ಊರ್ವಶಿಯನ್ನು ಕಂಡ ವಿಭಾಂಡಕನ ವೀರ್ಯ ನೀರಿಗೆ ಬೀಳುತ್ತದೆ, ಬಾಯಾರಿ ಬಂದ ಚಿಗರಿ ಆ ನೀರು ಕುಡಿಯುತ್ತದೆ. ಅಷ್ಟೂ ಸಾಲದೆಂಬಂತೆ ಆ ಚಿಗರಿ ಬರೀ ಚಿಗರಿಯಲ್ಲ, ಬ್ರಹ್ಮನ ಮಾತಿಗೆ ಕಟ್ಟುಬಿದ್ದ ದೇವಕನ್ಯೆ. ಒಬ್ಬ ಮುನಿಯನ್ನು ಹೆತ್ತರೆ ಅವಳಿಗೆ ಬಿಡುಗಡೆ. ಇಷ್ಟೆಲ್ಲ ಏಕೆ ಬೇಕಾಯಿತು? ಚಿಗರಿಗೂ ಮನುಷ್ಯನಿಗೂ ಮಗು ಆಗುವುದಿಲ್ಲವೆಂಬುದು ದನ ಕಾಯುವವನಿಗೂ ಗೊತ್ತಿದ್ದ ಸಂಗತಿ. ಕೇಳುವವರು ಒಪ್ಪಬೇಕಾದರೆ ಕಾರಣವೊಂದನ್ನು ಕಟ್ಟಲೇಬೇಕಿತ್ತು. ಬ್ರಹ್ಮನ ಆ ಮಾತು ಇಂದಿನ ಜೀವವಿಜ್ಞಾನಕ್ಕೆ ಒಪ್ಪಿಗೆಯಾಗದಿರಬಹುದು. ಆದರೂ ಅದು ಕಥೆಯೊಳಗೆ ಕೊಟ್ಟ ಲೆಕ್ಕ. ಆ ಲೆಕ್ಕ ಕೊಡುವ ಶಿಸ್ತು ಇಂದಿನ ಎಷ್ಟೋ ವಿಜ್ಞಾನ ಕಥೆಗಳಲ್ಲಿ ಇಲ್ಲ ಎಂಬುದು ನನ್ನ ದೂರು.

ದೂರಿನ ಮೊದಲ ಉದಾಹರಣೆ ನಾನು ಮೆಚ್ಚುವ ಪಾತ್ರವೇ. 1966ರಲ್ಲಿ ಅಮೆರಿಕದ ದೂರದರ್ಶನದಲ್ಲಿ ಶುರುವಾದ 'ಸ್ಟಾರ್ ಟ್ರೆಕ್' ಸರಣಿಯ ಸ್ಪಾಕ್‌ನ ತಾಯಿ ಭೂಮಿಯವಳು, ತಂದೆ ವಲ್ಕನ್ ಗ್ರಹದವನು. ವಲ್ಕನ್ನರ ರಕ್ತದಲ್ಲಿ ಆಮ್ಲಜನಕ ಹೊರುವುದು ಕಬ್ಬಿಣವಲ್ಲ, ತಾಮ್ರ. ಹಾಗಾಗಿ ರಕ್ತದ ಬಣ್ಣ ಹಸಿರು. ರಕ್ತದ ಮೂಲಧಾತುವೇ ಬೇರೆಯಾದ ಇಬ್ಬರು ಮದುವೆಯಾದರು, ಮಗು ಹುಟ್ಟಿತು! ಖಗೋಳವಿಜ್ಞಾನಿ ಕಾರ್ಲ್ ಸೇಗನ್ ಇದನ್ನು ಕಟುವಾಗಿ ಟೀಕಿಸಿದ್ದರು. ಮನುಷ್ಯನನ್ನು ಬೇರೆ ಲೋಕದಲ್ಲಿ ತಾನೇ ವಿಕಾಸಗೊಂಡ ಜೀವಿಯೊಡನೆ ಬೆರೆಸುವುದಕ್ಕಿಂತ ನಮ್ಮದೇ ಭೂಮಿಯ ಒಂದು ಗಿಡದೊಡನೆ ಬೆರೆಸುವುದು ಸುಲಭವಾದೀತು ಎಂಬುದು ಅವರ ವಾದದ ಸಾರ. ಗಿಡವಾದರೂ ನಮ್ಮ ದೂರದ ದಾಯಾದಿ, ವಲ್ಕನ್ ಅದೂ ಅಲ್ಲ. ಸರಣಿಯವರು 1993ರಲ್ಲಿ ಒಂದು ಉತ್ತರ ಹುಡುಕಿದರು: ಕೋಟ್ಯಂತರ ವರ್ಷಗಳ ಹಿಂದೆ ಒಂದು ಪ್ರಾಚೀನ ಜನಾಂಗ ಹಲವು ಗ್ರಹಗಳಲ್ಲಿ ತನ್ನ ಬೀಜ ಬಿತ್ತಿತ್ತು, ಎಲ್ಲರೂ ಅದರ ಸಂತತಿ. ಬ್ರಹ್ಮನ ಮಾತಿನ ಜಾಗದಲ್ಲಿ ಬಿತ್ತನೆ ಬಂತು. ಲೆಕ್ಕ ತಡವಾಗಿಯಾದರೂ ಬಂತು, ಆದರೆ ಪೂರ್ತಿ ಹೊಂದಲಿಲ್ಲ. ಏಕೆ ಹೊಂದಲಿಲ್ಲ ಎಂಬುದನ್ನು ತಿಳಿಯಲು ಬೇರೆ ಗ್ರಹಕ್ಕೆ ಹೋಗಬೇಕಿಲ್ಲ. ಸಿರಸಂಗಿ, ಬೈಲಹೊಂಗಲ, ಸವದತ್ತಿಯ ಎರಿ ಹೊಲಗಳೇ ಸಾಕು.

ಈ ಎರಿ ಭೂಮಿಯ ಹಳೆಯ ಬೆಳೆ ಜವಾರಿ ಹತ್ತಿ. ಧಾರವಾಡ ಭಾಗದಲ್ಲಿ ಹೆಸರು ಮಾಡಿದ 'ಜಯಧರ' ಆ ಬಳಗದ ತಳಿ. ಅದರ ಜೀವಕೋಶದಲ್ಲಿ 26 ವರ್ಣತಂತುಗಳು. ಆಮೇಲೆ ಬಂದ ಅಮೆರಿಕನ್ ಹತ್ತಿಯಲ್ಲಿ 52. ಎರಡೂ ಹತ್ತಿಯೇ, ಎರಡಕ್ಕೂ ಹಳದಿ ಛಾಯೆಯ ಹೂ, ಎರಡೂ ಒಂದೇ ಹೊಲದ ಬದುವಿನ ಆಚೀಚೆ ಬೆಳೆಯಬಲ್ಲವು. ಇವೆರಡನ್ನೂ ಬೆರೆಸಿದರೆ ಹುಟ್ಟುವ ಗಿಡಕ್ಕೆ 39 ವರ್ಣತಂತು. ಸಂತಾನಕೋಶ ತಯಾರಾಗುವಾಗ ವರ್ಣತಂತುಗಳು ಜೋಡಿ ಜೋಡಿಯಾಗಿ ನಿಲ್ಲಬೇಕು. ಇಲ್ಲಿ 13ಕ್ಕೆ ಜೋಡಿ ಸಿಗುವುದಿಲ್ಲ. ಗಿಡ ಬದುಕುತ್ತದೆ, ಬೀಜ ಕಟ್ಟುವುದಿಲ್ಲ. ಹೇಸರಗತ್ತೆಯ ಕಥೆಯೂ ಇದೇ ಬಗೆಯದು: ಕುದುರೆಯ 64, ಕತ್ತೆಯ 62, ನಡುವೆ 63 ಹೊತ್ತ ಬಂಜೆ.

ಎಣಿಕೆ ಒಂದೇ ಇದ್ದರೆ ಸಾಕೇ? ಅದೂ ಸಾಲದು. ಋಷ್ಯಶೃಂಗನ ತಾಯಿಯ ಬಳಗದಲ್ಲೇ ಇದಕ್ಕೆ ಸಾಕ್ಷಿಯಿದೆ. ನಮ್ಮ ಪಶ್ಚಿಮಘಟ್ಟದ ಕಾಡುಕುರಿ ಹೆಣ್ಣಿಗೆ ಕೇವಲ 6 ವರ್ಣತಂತು, ಗಂಡಿಗೆ 7. ಸಸ್ತನಿಗಳಲ್ಲಿ ಇಷ್ಟು ಕಡಿಮೆ ಬೇರೆಲ್ಲೂ ಕಂಡಿಲ್ಲ. ಅದರ ಹತ್ತಿರದ ಸಂಬಂಧಿಯಾದ ಚೀನಾದ ಕಾಡುಕುರಿಗೆ 46, ಅಂದರೆ ಮನುಷ್ಯನಿಗೆ ಇರುವಷ್ಟೇ. ಬಂಧನದಲ್ಲಿ ಈ ಎರಡು ಕಾಡುಕುರಿಗಳಿಗೆ ಬಂಜೆ ಮರಿ ಹುಟ್ಟಿದ್ದುಂಟು. 46 ಇರುವ ಮನುಷ್ಯನಿಗೂ 46 ಇರುವ ಆ ಜಿಂಕೆಗೂ ಏನೂ ಹುಟ್ಟದು. ಎಣಿಕೆಗಿಂತ ಮುಖ್ಯವಾದದ್ದು ನಂಟು, ಅಂದರೆ ಇಬ್ಬರ ಪೂರ್ವಜರು ಎಷ್ಟು ಕಾಲದ ಹಿಂದೆ ಬೇರೆಯಾದರು ಎಂಬುದು. ನಂಟು ದೂರವಾದರೆ ವೀರ್ಯಾಣುವಿನ ಹೊರಮೈಯ ಪ್ರೋಟೀನು ಅಂಡಾಣುವಿನ ಹೊರಮೈಗೆ ಹೊಂದುವುದೇ ಇಲ್ಲ. ಪ್ರಯೋಗಶಾಲೆಯಲ್ಲಿ ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಅಂಡಾಣುವಿನ ಹೊರಪೊರೆ ಸುಲಿದು ಇಟ್ಟರೆ ಮನುಷ್ಯನ ವೀರ್ಯಾಣು ಒಳಹೊಗುತ್ತದೆ. ಗಂಡಸರ ಫಲವತ್ತತೆ ನೋಡಲು ಒಂದು ಕಾಲಕ್ಕೆ ಇದೇ ಪರೀಕ್ಷೆ ಬಳಕೆಯಲ್ಲಿತ್ತು. ಒಳಹೊಕ್ಕಿತು, ಅಷ್ಟೇ, ಅದು ಮರಿಯಾಗಿ ಬೆಳೆಯುವ ಮಾತಿಲ್ಲ. ಬಾಗಿಲು ತೆರೆದ ಮಾತ್ರಕ್ಕೆ ಸಂಸಾರ ನಡೆಯದು.

ಇನ್ನು ನಿಜವಾಗಿ ಬೆರೆತವರ ಕಡೆ ನೋಡೋಣ. ನಿಯಾಂಡರ್ತಾಲ್ ಮಾನವರು ನಮ್ಮ ಪೂರ್ವಜರಿಂದ ಸುಮಾರು 5ರಿಂದ 7 ಲಕ್ಷ ವರ್ಷಗಳ ಹಿಂದೆ ಕವಲೊಡೆದವರು. ಮುಂದೆ ಮತ್ತೆ ಎದುರಾದಾಗ ಬೆರೆತರು. ಆಫ್ರಿಕದ ಹೊರಗಿನ ಜನರ ಡಿಎನ್‌ಎಯಲ್ಲಿ, ಈ ಲೇಖನ ಓದುತ್ತಿರುವ ನಮ್ಮ ನಿಮ್ಮಲ್ಲೂ, ಶೇಕಡ 1ರಿಂದ 2ರಷ್ಟು ಅವರದು. ಸೈಬೀರಿಯದ ಡೆನಿಸೋವಾ ಗುಹೆಯಲ್ಲಿ ಸಿಕ್ಕ ಒಂದು ಮೂಳೆಯ ಚೂರು ಯಾರದೆಂದು 2018ರಲ್ಲಿ ಗೊತ್ತಾಯಿತು: ಹದಿಹರೆಯದ ಒಬ್ಬ ಹುಡುಗಿ, ತಾಯಿ ನಿಯಾಂಡರ್ತಾಲ್, ತಂದೆ ಡೆನಿಸೋವನ್. ಎರಡು ಬೇರೆ ಬೇರೆ ಮಾನವಕುಲಗಳ ನೇರ ಸಂತಾನ. ಇಂಥ ಸಂಶೋಧನೆಯ ದಾರಿ ತೆರೆದ ಸ್ವಾಂಟೆ ಪಾಬೊ ಅವರಿಗೆ 2022ರಲ್ಲಿ ನೊಬೆಲ್ ಬಂತು. ಗುಹೆಯ ಆ ಮಗು ಹೆಣ್ಣಾಗಿದ್ದುದರಲ್ಲಿ ನನಗೆ ಅಚ್ಚರಿಯಿಲ್ಲ. ಎರಡು ಪ್ರಭೇದಗಳ ಬೆರಕೆಯಲ್ಲಿ ಯಾವುದಾದರೂ ಒಂದು ಲಿಂಗ ಹುಟ್ಟದೆ ಅಥವಾ ಬಂಜೆಯಾಗಿ ಉಳಿದರೆ ಸಸ್ತನಿಗಳಲ್ಲಿ ಅದು ಸಾಮಾನ್ಯವಾಗಿ ಗಂಡು ಎಂದು ಜೆ.ಬಿ.ಎಸ್. ಹಾಲ್ಡೇನ್ 1922ರಲ್ಲೇ ತೋರಿಸಿದ್ದರು. ಒಬ್ಬ ಹುಡುಗಿಯಿಂದ ನಿಯಮ ಸಾಬೀತಾಗದು ನಿಜ. ಆದರೂ ಬೆರಕೆಯ ವಂಶ ಕಟ್ಟುವ ಕಾದಂಬರಿಕಾರ ಅರ್ಧದೇವ, ಅರ್ಧಮಾನವ ರಾಜಕುಮಾರರನ್ನೇ ಸಾಲಾಗಿ ಹುಟ್ಟಿಸುವ ಮೊದಲು ಈ ನಿಯಮ ತಿಳಿದಿರಲಿ.

ಐದಾರು ಲಕ್ಷ ವರ್ಷಗಳ ಅಗಲಿಕೆಗೇ ಇಷ್ಟು ತೊಡಕು. ಬೇರೆ ನಕ್ಷತ್ರದ ಜೀವಿಯೊಡನೆ ನಮಗೆ ಅಗಲಿಕೆ ಎಂಬುದೇ ಇಲ್ಲ, ಕೂಡಿದ್ದರಲ್ಲವೇ ಅಗಲುವುದು! ಆ ಲೋಕದ ಜೀವ ಇಂಗಾಲದಿಂದಲೇ ಆಗಿರಲಿ, ನೀರಿನಲ್ಲೇ ಹುಟ್ಟಿರಲಿ, ಅಮೈನೋ ಆಮ್ಲಗಳನ್ನೇ ಬಳಸಲಿ ಎಂದು ಒಪ್ಪೋಣ. 1969ರಲ್ಲಿ ಆಸ್ಟ್ರೇಲಿಯದ ಮರ್ಚಿಸನ್‌ನಲ್ಲಿ ಬಿದ್ದ ಉಲ್ಕೆಯಲ್ಲಿ ಅಮೈನೋ ಆಮ್ಲಗಳು ಸಿಕ್ಕಿವೆ, ಆದ್ದರಿಂದ ಈ ಒಪ್ಪಿಗೆ ತೀರಾ ದುಬಾರಿಯಲ್ಲ. ಆದರೆ ಅಮೈನೋ ಆಮ್ಲಗಳಲ್ಲಿ ಎಡಮುಖದವು, ಬಲಮುಖದವು ಎಂಬ ಎರಡು ರೂಪಗಳಿವೆ. ಭೂಮಿಯ ಜೀವ ಕಟ್ಟಿರುವುದು ಎಡಮುಖದವುಗಳಿಂದ. ಅಲ್ಲಿಯದು ಬಲಮುಖವಾದರೆ ಅಲ್ಲಿಯ ಅನ್ನವೂ ನಮ್ಮವರ ಮೈಗೆ ಹತ್ತದು, ಮಗುವಿನ ಮಾತು ದೂರವೇ ಉಳಿಯಿತು. ಅದೂ ಹೊಂದಿತೆನ್ನಿ. ನಮ್ಮ ಡಿಎನ್‌ಎಯ ಮೂರಕ್ಷರದ 64 ಸಂಕೇತಗಳಲ್ಲಿ ಹೆಚ್ಚಿನವು 20 ಅಮೈನೋ ಆಮ್ಲಗಳನ್ನು ಸೂಚಿಸುತ್ತವೆ. ಯಾವ ಸಂಕೇತಕ್ಕೆ ಯಾವ ಆಮ್ಲ ಎಂಬುದು ಬಹುಪಾಲು ನಮ್ಮ ಗ್ರಹದ ಚರಿತ್ರೆಯ ಕೊಡುಗೆ. ಇನ್ನೊಂದು ಲೋಕದ ಪಟ್ಟಿ ಬೇರೆಯೇ ಇರುತ್ತದೆ. ಒಂದೇ ಬೀಜ ಎಲ್ಲ ಗ್ರಹಗಳಿಗೆ ಬಿತ್ತಲಾಗಿತ್ತು ಎಂಬ ಊಹೆ ಈ ಒಂದು ತೊಡಕನ್ನು ಬಿಡಿಸಬಲ್ಲದು. ಫ್ರಾನ್ಸಿಸ್ ಕ್ರಿಕ್ ಮತ್ತು ಲೆಸ್ಲಿ ಆರ್ಗೆಲ್ 1973ರಲ್ಲಿ ಅಂಥ ಬಿತ್ತನೆಯ ಸಾಧ್ಯತೆಯನ್ನು ಗಂಭೀರವಾಗಿಯೇ ಚರ್ಚಿಸಿದ್ದರು. ಆದರೆ ಬಿತ್ತಿದ ಮೇಲೆ ನೂರಾರು ಕೋಟಿ ವರ್ಷ ಬೇರೆ ಬೇರೆ ಬೆಳೆದವರು ಪರಸ್ಪರ ಹತ್ತಿಗೂ ಹಾವಿಗೂ ಇರುವಷ್ಟು ದೂರವಾಗಿರುತ್ತಾರೆ. ಹಾಗಾಗಿ ಕೂಡಿಕೆಯಿಂದ, ತಾನಾಗಿ, ಅಂಥ ಮಗು ಹುಟ್ಟಲಾರದು. ಇದರಲ್ಲಿ ನನಗೆ ಅನುಮಾನವಿಲ್ಲ.

ಅಲ್ಲಿಗೆ ಕಥೆ ಮುಗಿಯಿತೇ? ಇಲ್ಲ. 1972ರಲ್ಲಿ ಧಾರವಾಡದಲ್ಲಿ ಡಾ. ಬಿ.ಎಚ್. ಕಾತರಕಿ ಅವರು 'ವರಲಕ್ಷ್ಮಿ' ಎಂಬ ಹತ್ತಿ ಕೊಟ್ಟರು. ತಾಯಿ 'ಲಕ್ಷ್ಮಿ' ಎಂಬ ಅಮೆರಿಕನ್ ಹತ್ತಿಯ ತಳಿ, ತಂದೆ ಉದ್ದನೆಯ ಎಳೆಯ ಈಜಿಪ್ಟ್ ಹತ್ತಿಯ ಪ್ರಭೇದದ್ದು. ಎರಡು ಪ್ರಭೇದಗಳ ಬೆರಕೆ ಹೊಲದ ಬೆಳೆಯಾಗಿ ನಿಂತದ್ದು ಹತ್ತಿಯ ಚರಿತ್ರೆಯಲ್ಲೇ ದೊಡ್ಡ ಮಾತು. ಬಳಿಕ 1981ರಲ್ಲಿ ಅಲ್ಲಿಂದಲೇ ಡಿಸಿಎಚ್-32 ಎಂಬ ಇನ್ನೊಂದು ಬೆರಕೆ ಹತ್ತಿ ಬಂತು. ಗಾಳಿಗೆ ಬಿಟ್ಟರೆ ಈ ಬೆರಕೆ ಹೊಲಕ್ಕೆ ಸಾಲುವಷ್ಟು ಆಗುವುದಿಲ್ಲ, ಏಕೆಂದರೆ ಹತ್ತಿಯ ಹೂ ತನ್ನ ಪರಾಗವನ್ನು ತಾನೇ ಹೆಚ್ಚಾಗಿ ಬಳಸಿಕೊಳ್ಳುತ್ತದೆ. ಬೇಕಾದದ್ದು ಕೈಗೆಲಸ. ಬೀಜದ ಪ್ಲಾಟಿನಲ್ಲಿ ಇದಕ್ಕೆ 'ಕ್ರಾಸಿಂಗ್' ಎಂದೇ ಹೆಸರು. ಮಧ್ಯಾಹ್ನ ಇಳಿದ ಮೇಲೆ ಹೆಣ್ಣುಸಾಲಿನಲ್ಲಿ ನಾಳೆ ಅರಳಲಿರುವ ಮೊಗ್ಗು ಹುಡುಕಬೇಕು. ಹೆಬ್ಬೆರಳ ಉಗುರಿನಿಂದ ಬುಡದಲ್ಲಿ ಸುತ್ತ ಗೀರಿ, ತಿರುವಿ, ಎಸಳುಗಳ ಜತೆಗೆ ಕೇಸರಗಳ ಕೊಳವೆಯನ್ನೂ ಒಂದೇ ಎಳೆತಕ್ಕೆ ಕಳಚಬೇಕು. ಒಳಗಿನ ಶಲಾಕೆಗೆ ಪೆಟ್ಟಾಗಬಾರದು, ಒಂದು ಕೇಸರವೂ ಉಳಿಯಬಾರದು. ಆಮೇಲೆ ಗುರುತಿಗೂ ರಕ್ಷಣೆಗೂ ಮೇಲೊಂದು ಬಣ್ಣದ ಕಾಗದದ ಹೊದಿಕೆ. ಮರುದಿನ ಬೆಳಿಗ್ಗೆ ಗಂಡುಸಾಲಿನ ಅರಳಿದ ಹೂ ಕಿತ್ತು ತಂದು ಆ ಶಲಾಕೆಗೆ ಮೆತ್ತಗೆ ಸವರಬೇಕು. ಒಂದು ಗಂಡುಹೂ ನಾಲ್ಕೈದು ಹೆಣ್ಣುಹೂಗಳಿಗೆ ಸಾಲುತ್ತದೆ. ಹೀಗೆ ಹೂವೊಂದೊಂದಕ್ಕೂ, ದಿನವೂ, ವಾರಗಟ್ಟಲೆ. ಹಾವೇರಿ, ರಾಣೆಬೆನ್ನೂರಿನ ಕಡೆ ಈ ಕೆಲಸ ಮಾಡುವವರು ಹೆಚ್ಚಾಗಿ ಹೆಂಗಸರು. ಸಣ್ಣ ಬೆರಳು ಬೇಕೆಂಬ ನೆಪದಲ್ಲಿ ಶಾಲೆ ಬಿಡಿಸಿ ಮಕ್ಕಳನ್ನು ಹಚ್ಚಿದ್ದೂ ಇದೆ. ಅದು ಈ ಬಿಳಿ ಬಂಗಾರದ ಕಪ್ಪು ಪುಟ.

ವಿಜ್ಞಾನ ಕಥೆಗೆ ನಾನು ಇಲ್ಲಿಂದ ಒಯ್ಯಬೇಕೆನ್ನುವುದು ಇದನ್ನೇ. ದೂರದ ಎರಡು ಜೀವಗಳ ಬೆರಕೆ ಅಸಾಧ್ಯವಲ್ಲ, ಅದನ್ನು ಮಾಡಬೇಕಾಗುತ್ತದೆ. ಬಿಟಿ ಹತ್ತಿಗೆ 2002ರಲ್ಲಿ ನಮ್ಮ ದೇಶದಲ್ಲಿ ಅನುಮತಿ ಸಿಕ್ಕಿತು. ಅದರೊಳಗೆ ಇರುವುದು ಮಣ್ಣಿನ ಒಂದು ಬ್ಯಾಕ್ಟೀರಿಯದ ಜೀನು. ಆ ಬ್ಯಾಕ್ಟೀರಿಯಕ್ಕೂ ಹತ್ತಿಗಿಡಕ್ಕೂ ಮದುವೆಯಂತೂ ನಡೆಯದು, ಆದರೂ ಒಂದರ ಬರಹವನ್ನು ಇನ್ನೊಂದು ಓದಿತು. ಲಿಪಿ ಒಂದೇ ಆಗಿದ್ದರಿಂದ ಓದಿತು. ಲಿಪಿ ಬೇರೆಯಾದ ಅನ್ಯಲೋಕದ ಜೀವಿಯ ವಿಷಯದಲ್ಲಿ ಒಂದೊಂದು ಪ್ರೋಟೀನನ್ನೂ ನಮ್ಮ ಲಿಪಿಗೆ ತರ್ಜುಮೆ ಮಾಡಿ, ಜೋಡಿಸಿ, ಬೆಳೆಸಿ ನೋಡಬಲ್ಲವರು ಬೇಕು. ಆಕ್ಟೇವಿಯಾ ಬಟ್ಲರ್ 1987ರಿಂದ 1989ರ ನಡುವೆ ಬರೆದ ಮೂರು ಕಾದಂಬರಿಗಳಲ್ಲಿ ಹೀಗೇ ಮಾಡಿದ್ದಾರೆ. ಅಲ್ಲಿಯ ಓಅನ್ಕಾಲಿ ಎಂಬ ಜನರಲ್ಲಿ ಗಂಡು ಹೆಣ್ಣಲ್ಲದೆ ಮೂರನೆಯ ಲಿಂಗವಿದೆ. ತಂದೆತಾಯಿಯರ ಜೀನುಗಳನ್ನು ತನ್ನ ಮೈಯೊಳಗೇ ಓದಿ, ಆರಿಸಿ, ಕೂಡಿಸುವುದು ಅದರ ಕೆಲಸ. ಆ ಬೆರಕೆ ನಂಬಿಕೆ ಹುಟ್ಟಿಸುತ್ತದೆ. ಅಷ್ಟೇ ಅಲ್ಲ, ಅದು ಕಾಡುತ್ತದೆ. ಅಣುಯುದ್ಧದಲ್ಲಿ ಅಳಿದುಳಿದ ಮನುಷ್ಯರಿಗೆ ಬದುಕಬೇಕಾದರೆ ಬೇರೆ ದಾರಿಯಿಲ್ಲ, ಆದ್ದರಿಂದ ಅವರ ಒಪ್ಪಿಗೆ ಒಪ್ಪಿಗೆಯೇ ಎಂಬ ಪ್ರಶ್ನೆ ಪುಟಪುಟಕ್ಕೂ ಏಳುತ್ತದೆ. ಜೀವವಿಜ್ಞಾನದ ಲೆಕ್ಕವನ್ನು ಪ್ರಾಮಾಣಿಕವಾಗಿ ಕೊಟ್ಟಾಗ ನೀತಿಯ ಪ್ರಶ್ನೆ ತಾನಾಗಿ ಬಂದು ನಿಂತಿತು. ಮಗು ಪ್ರೇಮದ ಫಲ ಎಂದುಬಿಟ್ಟಿದ್ದರೆ ಆ ಪ್ರಶ್ನೆ ಏಳುತ್ತಲೇ ಇರಲಿಲ್ಲ.

ಎರಡನೆಯ ತಲೆಮಾರಿನ ವಿಷಯವೂ ಇದೆ, ಕಥೆಗಾರರು ಇದನ್ನು ಬಹುತೇಕ ಮರೆಯುತ್ತಾರೆ. ಹೈಬ್ರಿಡ್ ಹತ್ತಿಯ ಮೊದಲ ತಲೆಮಾರು ಒಂದೇ ಅಚ್ಚಿನಂತೆ ಏಳುತ್ತದೆ. ಅದರ ಬೀಜ ಎತ್ತಿಟ್ಟು ಮರುವರ್ಷ ಬಿತ್ತಿದರೆ ಒಂದು ಗಿಡ ಅಜ್ಜಿಯಂತೆ, ಒಂದು ಅಜ್ಜನಂತೆ, ಮತ್ತೊಂದು ಯಾರಂತೆಯೂ ಅಲ್ಲ. ವರ್ಷವರ್ಷವೂ ರೈತ ಅಂಗಡಿಗೆ ಹೋಗಿ ಬೀಜ ಕೊಳ್ಳುವುದು ಇದಕ್ಕೇ. ಹಾಗಿರುವಾಗ ಅರ್ಧ ಮನುಷ್ಯ, ಅರ್ಧ ಅನ್ಯಲೋಕದ ಜನಾಂಗವೊಂದು ಸಾವಿರ ವರ್ಷ ಒಂದೇ ಚಹರೆ, ಒಂದೇ ಗುಣದಲ್ಲಿ ಬಾಳುವುದನ್ನು ಹೇಗೆ ನಂಬುವುದು? ಒಂದು ದಾರಿ ಇದೆ, ಅದನ್ನೂ ಹತ್ತಿಯೇ ತೋರಿಸಿದೆ. ಅಮೆರಿಕನ್ ಹತ್ತಿಯ 52 ವರ್ಣತಂತುಗಳಲ್ಲಿ 26 ನಮ್ಮ ಜವಾರಿ ಹತ್ತಿಯ ಬಳಗದ ಹಳೆಯ ತಾಯಿಯವು, ಉಳಿದ 26 ಅಮೆರಿಕದ ಕಾಡುಹತ್ತಿಯೊಂದರವು. ಸುಮಾರು 10ರಿಂದ 20 ಲಕ್ಷ ವರ್ಷಗಳ ಹಿಂದೆ, ಕಡಲು ದಾಟಿ ಹೋದ ಬೀಜವೊಂದು ಅಲ್ಲಿಯ ಹತ್ತಿಯೊಡನೆ ಬೆರೆಯಿತು, ವರ್ಣತಂತುಗಳು ಇಮ್ಮಡಿಯಾದವು, ಎಲ್ಲಕ್ಕೂ ಜೋಡಿ ಸಿಕ್ಕಿತು, ಬಂಜೆತನ ಹೋಯಿತು, ಹೊಸ ಪ್ರಭೇದ ನಿಂತಿತು. ಈ ಸೀಮೆಯ ಜವೆಗೋಧಿಯೂ ಹೀಗೆಯೇ ಎರಡು ಹುಲ್ಲುಗಳ ಬೆರಕೆಯಿಂದ ಬಂದದ್ದು. ಗಿಡಗಳಿಗೆ ಇದು ಒಗ್ಗುತ್ತದೆ, ಸಸ್ತನಿಗಳಿಗೆ ಒಗ್ಗುವುದಿಲ್ಲ. ಬೆರಕೆಯ ಜನಾಂಗ ಬೇಕೆನ್ನುವ ಲೇಖಕ ತನ್ನ ಅನ್ಯಲೋಕದವರನ್ನು ಸಸ್ಯಗಳ ಹಾಗೆ ಕಟ್ಟಿದರೆ ಹೆಚ್ಚು ನಂಬಲರ್ಹ ಕಥೆ ಸಿಕ್ಕೀತು. ಹೆಚ್ಚು ಜನ ಕೈ ಹಾಕದ ಹೊಲ ಅದು.

ಕಥೆಗೆ ಇಷ್ಟೆಲ್ಲ ಜೀವಶಾಸ್ತ್ರ ಏಕೆ, ಸ್ಪಾಕ್ ಎರಡು ಸಂಸ್ಕೃತಿಗಳ ನಡುವೆ ಸಿಕ್ಕ ಮನುಷ್ಯನ ರೂಪಕವಲ್ಲವೇ ಎಂದು ಕೇಳುವವರಿದ್ದಾರೆ. ರೂಪಕ ನಿಜ, ಅದರಿಂದ ಸಮಾಧಾನ ಪಡೆದ ಎಷ್ಟೋ ಓದುಗರಿದ್ದಾರೆ. ನನ್ನ ಆಕ್ಷೇಪ ಬೇರೆ ಕಡೆಯಿದೆ. ತಂದೆಯ ರಕ್ತದಿಂದ ತರ್ಕ ಬಂತು, ತಾಯಿಯ ರಕ್ತದಿಂದ ಭಾವನೆ ಬಂತು, ಮಗ ಇಬ್ಬಂದಿಯಾದ ಎಂಬ ಕಥೆಯ ತಳದಲ್ಲಿ ಗುಣ ರಕ್ತದಲ್ಲಿದೆ ಎಂಬ ನಂಬಿಕೆ ಕೂತಿದೆ. ಈ ನಂಬಿಕೆ ನಮಗೆ ಹೊಸದಲ್ಲ. ಮನುಸ್ಮೃತಿಯ ಹತ್ತನೆಯ ಅಧ್ಯಾಯ ತುಂಬ ಇದೇ ಇದೆ: ಇಂಥ ವರ್ಣದ ಗಂಡು, ಅಂಥ ವರ್ಣದ ಹೆಣ್ಣು, ಹುಟ್ಟಿದ ಮಗುವಿಗೆ ಇಂಥ ಹೆಸರು, ಇಂಥ ಕಸುಬು, ವಾಸ ಊರಹೊರಗೆ. ಒಂದೇ ಪ್ರಭೇದದ ಮನುಷ್ಯರನ್ನು ಬೇರೆ ಬೇರೆ ಪ್ರಾಣಿಗಳಂತೆ ಎಣಿಸಿ ಕಟ್ಟಿದ ಕಾಲ್ಪನಿಕ ಲೋಕ ಅದು, ಆದರೆ ಜನ ಅದರೊಳಗೆ ನಿಜವಾಗಿ ಬದುಕಿ ನಿಜವಾಗಿ ಸತ್ತರು. 12ನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದಾಗ ಅದನ್ನು ವರ್ಣಸಂಕರವೆಂದು ಕರೆದು ಇಬ್ಬರು ತಂದೆಯರನ್ನೂ ಕೊಲ್ಲಿಸಿದರೆಂದು ಶರಣ ಪರಂಪರೆ ಹೇಳುತ್ತದೆ. ಅಲ್ಲಿಂದ ಉಳವಿಯ ಕಡೆ ಹೊರಟ ಶರಣರು ಕಿತ್ತೂರು ಸೀಮೆಯ ಕಾದ್ರೊಳ್ಳಿಯಲ್ಲಿ ಬೆನ್ನಟ್ಟಿ ಬಂದ ಸೈನ್ಯವನ್ನು ಎದುರಿಸಿದರೆಂಬ ನೆನಪನ್ನು ಈ ಭಾಗದ ಜನ ಇಂದಿಗೂ ಇಟ್ಟುಕೊಂಡಿದ್ದಾರೆ. ಆ ವಧುವರರ ನಡುವೆ ಯಾವ ಜೀವವೈಜ್ಞಾನಿಕ ತಡೆಯೂ ಇರಲಿಲ್ಲ, 46ಕ್ಕೆ 46 ಹೊಂದುತ್ತಿದ್ದವು. ಇಲ್ಲದ ತಡೆಯನ್ನು ಇದೆಯೆಂದು ಸಾಧಿಸಲು ರಕ್ತ ಹರಿಸಿದ ನಾಡಿನಲ್ಲಿ ಕೂತು, ಇರುವ ತಡೆಯನ್ನು ಇಲ್ಲವೆನ್ನುವ ಕಥೆಯನ್ನು ಬರೀ ಮನರಂಜನೆಯೆಂದು ಓದಿ ಬದಿಗಿಡಲು ನನ್ನಿಂದಾಗದು. ಎರಡೂ ಕಡೆ ರಕ್ತದ ಬಗ್ಗೆ ಒಂದೇ ತಪ್ಪು ತಿಳಿವಳಿಕೆ.

ಎರಡು ಲೋಕಗಳ ನಡುವಿನ ಮನುಷ್ಯನನ್ನು ಬರೆಯಲು ರಕ್ತ ಬೇಕಾಗಿಯೂ ಇಲ್ಲ. ರಾಬರ್ಟ್ ಹೈನ್‌ಲೈನ್ 1961ರ ಕಾದಂಬರಿಯಲ್ಲಿ ಮನುಷ್ಯರಿಗೇ ಹುಟ್ಟಿ ಮಂಗಳಗ್ರಹದವರ ಕೈಯಲ್ಲಿ ಬೆಳೆದವನನ್ನು ತಂದರು. ಅವನ ಮೈ ಪೂರ್ತಿ ನಮ್ಮದು, ಮನಸ್ಸು ಪೂರ್ತಿ ಅವರದು, ಅವನ ಹುಟ್ಟಿನಲ್ಲಿ ವಿಜ್ಞಾನಕ್ಕೆ ಒಂದು ಸಣ್ಣ ಪೆಟ್ಟೂ ಇಲ್ಲ. ಸಿರಸಂಗಿಗೆ ಇದು ಹೊಸ ಮಾತಲ್ಲ. ದೇಸಗತಿಯ ಲಿಂಗರಾಜರು (1861–1906) ಹುಟ್ಟಿದ್ದು ಶಿಗ್ಲಿಯಲ್ಲಿ, ಸಿರಸಂಗಿಗೆ ಬಂದದ್ದು ದತ್ತುಮಗನಾಗಿ. ರಕ್ತದಿಂದ ಬಾರದ ಆ ದೊಡ್ಡ ಆಸ್ತಿಯನ್ನು ತಮ್ಮ ರಕ್ತದವರಲ್ಲದ ಮಕ್ಕಳ ಓದಿಗೆ ಬರೆದಿಟ್ಟು ಹೋದರು. ಬೆಳಗಾವಿಯಲ್ಲಿ 1933ರಲ್ಲಿ ಆರಂಭವಾದ ಕಾಲೇಜಿಗೆ ಅವರ ಹೆಸರಿದೆ. ಒಬ್ಬ ಮನುಷ್ಯ ಏನಾಗುತ್ತಾನೆ ಎಂಬುದಕ್ಕೆ ಸಾಕಿದವರು, ಕಲಿಸಿದವರು, ನಂಬಿ ಕೊಟ್ಟವರು ಎಷ್ಟು ಕಾರಣ ಎಂದು ಕೇಳುವ ಕಥೆ ಅನ್ಯಗ್ರಹಕ್ಕೂ ಸಲ್ಲುತ್ತದೆ.

ಧಾರವಾಡದ ರಾಜಶೇಖರ ಭೂಸನೂರಮಠರಂಥವರು ಕನ್ನಡಕ್ಕೆ ವಿಜ್ಞಾನ ಕಾದಂಬರಿಯ ರುಚಿ ಹಚ್ಚಿದ್ದು ಇದೇ ನೆಲದಿಂದ. ಈಗ ಬರೆಯುತ್ತಿರುವ ಕಿರಿಯರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಕಥೆಯಲ್ಲಿ ನಕ್ಷತ್ರದ ಮಗು ಹುಟ್ಟಲಿ, ಬೇಡವೆನ್ನುವುದಿಲ್ಲ. ಅದನ್ನು ಬೆರೆಸಿದವರು ಯಾರು, ಯಾರ ಒಪ್ಪಿಗೆ ಪಡೆದರು, ಆ ಕೆಲಸಕ್ಕೆ ಯಾರ ಬೆರಳು ಸವೆದವು, ಮಗುವಿಗೆ ಮಕ್ಕಳಾಗುತ್ತವೆಯೇ ಎಂಬುದನ್ನು ಮೊದಲ ಅಧ್ಯಾಯದಲ್ಲೇ ನಿರ್ಧರಿಸಿಕೊಳ್ಳಿ, ಓದುಗರಿಂದ ಮುಚ್ಚಿಡಬೇಡಿ. ಬರೆಯುವ ಮೊದಲು ಹಂಗಾಮಿನಲ್ಲಿ ಒಂದು ಸಲ ಹತ್ತಿಬೀಜದ ಪ್ಲಾಟಿಗೆ ಹೋಗಿ ಬನ್ನಿ. ಮೊಗ್ಗು ಸುಲಿಯುವುದನ್ನು ಸಂಜೆ ನೋಡಬೇಕು. ಪರಾಗ ಹಚ್ಚುವುದನ್ನು ನೋಡಲು ಬೆಳಿಗ್ಗೆ ಬೇಗ ಹೋಗಬೇಕು, ಬಿಸಿಲೇರುವ ಹೊತ್ತಿಗೆ ಆ ಕೆಲಸ ಮುಗಿದಿರುತ್ತದೆ.